ತೊಗರಿ ಹೂವಿನ ಕೆಂಪು ಗೆರೆ

ಮಂಚದ ಕೆಳಗಿನ ಡಬ್ಬಿ ತೆಗೆದರೆ ಹುಳ ಹಿಡಿದ ತೊಗರಿಯ ವಾಸನೆ ಗಪ್ಪನೆ ಬಡಿಯಿತು. ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದ ಪುಟ್ಟ ಚೀಲ. ಕ್ಯಾಮೆರಾ ಅಲುಗಾಡದಿರಲೆಂದು ಅದರಡಿ ಇಡಲು ಅಕ್ಕೋರು ತೊಗರಿ ತುಂಬಿ ಹೊಲಿದುಕೊಟ್ಟದ್ದು...

ಅಕ್ಕೋರೆಂದರೆ ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯವರು, ನಿವೃತ್ತ ವಿಜ್ಞಾನ ಶಿಕ್ಷಕಿ. ಅವರ ಕಣ್ಣು ಮಬ್ಬಾಗುತ್ತ ಬಂದಿತ್ತು. ಇನ್ನು ಸರಿಹೋಗುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಪೂರ್ತಿ ಹೋಗುವ ಮೊದಲು ಅವರಿಗೆ ಒಂದೇ ಆಸೆ: ತೊಗರಿ ಹೂವಿನ ಹಿಂಬದಿಯ ಸಣ್ಣ ಕೆಂಪು ಗೆರೆಗಳನ್ನು ಇನ್ನೊಮ್ಮೆ ನೋಡಬೇಕು, ಟೀವಿ ಪರದೆಯ ತುಂಬ. ಮದುವೆ ಮನೆಗಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ತಿರುಗುವ ನನಗೆ ಎಲ್ಲ ಗೊತ್ತೆಂದು ನಂಬಿಬಿಟ್ಟಿದ್ದರು.

ನನಗೆ ಗೊತ್ತಿದ್ದದ್ದು ಚಿಂತೆ ಮಾಡುವುದೊಂದೇ. ಅಷ್ಟು ಸಣ್ಣ ಗೆರೆಯನ್ನು ದೊಡ್ಡದಾಗಿ ತೆಗೆಯಲು ಮದುವೆಯ ಲೆನ್ಸ್ ಸಾಲದು. ಗಿಡ್ಡ ಲೆನ್ಸಾದರೆ ಹೂವಿನ ಮೂತಿಗೇ ಹೋಗಬೇಕು, ನಮ್ಮದೇ ನೆರಳು ಬೀಳುತ್ತದೆ. ಉದ್ದನೆಯದಾದರೆ ಭಾರ, ಕೈ ನಡುಗುತ್ತದೆ. ಲೆನ್ಸಿನ ಮುಂದೆ ತಿರುಗಿಸುವ ಗಾಜು ಅಗ್ಗ, ಆದರೆ ಚಿತ್ರದ ಅಂಚು ಮಸುಕಾಗುತ್ತದಂತೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸುವ ಉಂಗುರ ಬೆಳಕು ತಿನ್ನುತ್ತದಂತೆ. ಒಂದು ವಿಡಿಯೋ ನೋಡಿ ನಿಶ್ಚಯ ಮಾಡುತ್ತಿದ್ದೆ, ಇನ್ನೊಂದು ನೋಡಿ ಕೆಡಿಸಿಕೊಳ್ಳುತ್ತಿದ್ದೆ.

"ತಮ್ಮಾ, ಹೆಣ್ಣು ನೋಡಾಕತ್ತೀಯೋ, ಲೆನ್ಸ್ ನೋಡಾಕತ್ತೀಯೋ?" ಕಟ್ಟೆಯಿಂದಲೇ ಕೇಳುತ್ತಿದ್ದರು. "ಹೊಲ್ದಾಗ ಹೂ ಉದುರಾಕತ್ತಾವ."

"ಇನ್ನೊಂದ್ ವಾರ ತಡೀರಿ ಅಕ್ಕೋರ. ತಪ್ಪು ತಗೊಂಡ್ರ?"

"ತಪ್ಪಾದ್ರೂ ತಗೊಂಬಾರೋ. ನಿನ್ನ ವಾರ ನನ್ನ ಕಣ್ಣಿಗಿ ಗೊತ್ತಾಗಂಗಿಲ್ಲ."

ಕಲಬುರಗಿಗೆ ಹೋಗಿ ಲೆನ್ಸಿನ ಉಂಗುರ ತಂದೆ. ಅದನ್ನೇ ಯಾಕೆಂದರೆ, ವಾಪಸ್ ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ. ಯಡ್ರಾಮಿ ರಸ್ತೆಯ ಹೊಲದಲ್ಲಿ ಗಾಳಿ ಹೂವನ್ನು ನಿಲ್ಲಗೊಡಲಿಲ್ಲ. ಒಂದು ಟೊಂಗೆ ಮುರಿದು ಮನೆಗೆ ತಂದೆವು. ಅಕ್ಕೋರು ಚಪಾತಿ ಹಿಟ್ಟಿನ ಉಂಡೆಗೆ ಅದನ್ನು ಚುಚ್ಚಿ, ತಡವಿ ತಡವಿ ಗಟ್ಟಿಮಾಡಿ, ಕಿಟಕಿಯ ಬಳಿ ಇಟ್ಟರು. ತೊಗರಿ ಚೀಲದ ಮೇಲೆ ಕ್ಯಾಮೆರಾ ಒರಗಿಸಿ, ಉಸಿರು ಬಿಗಿಹಿಡಿದು ಒತ್ತಿದೆ.

ಫೋಟೋ ಟೀವಿಯಲ್ಲಿ ಹಾಕಿದೆ. ಬರೀ ಹಳದಿ ಮಬ್ಬು. ಫೋಕಸ್ಸು ಹೂ ಬಿಟ್ಟು ಕೆಳಗಿನ ಹಿಟ್ಟಿನ ಮೇಲೆ ಬಿದ್ದಿತ್ತು.

ಅಕ್ಕೋರು ಪರದೆಗೆ ಮುಖ ಹಚ್ಚಿ ಬಹಳ ಹೊತ್ತು ನಿಂತರು. "ಎವ್ವಾ, ಕೆಂಪು ಗೆರಿ ಹ್ಯಾಂಗ ಎದ್ದು ಕಾಣಾಕತ್ತಾವ!"

"ಇನ್ನೊಂದು ತೆಗೀತೇನಿ ಅಕ್ಕೋರ..." ನನ್ನ ದನಿ ನಡುಗುತ್ತಿತ್ತು.

"ಸಾಕು ಬಿಡು. ಕಂಡ್ವು."

ಅಕ್ಕೋರು ಈಗಿಲ್ಲ. ನಿಜಕ್ಕೂ ಕಂಡವೋ, ಇಲ್ಲದ್ದನ್ನು ನೆನಪಿನಿಂದ ತುಂಬಿಕೊಂಡರೋ, ನನ್ನ ದನಿ ಕೇಳಿ ಕನಿಕರಪಟ್ಟರೋ... ತಲೆ ಕೆಡಿಸಿಕೊಳ್ಳುತ್ತಲೇ ಇದ್ದೇನೆ. ಇವತ್ತೂ ಆ ಫೋಟೋ ಹಿಗ್ಗಿಸಿ ನೋಡಿದೆ. ಹೂ ಹಳದಿ ಮಬ್ಬಾಗಿಯೇ ಇದೆ. ಹಿಟ್ಟಿನ ಮೇಲೆ ಅವರ ಹೆಬ್ಬೆರಳು ಒತ್ತಿದ ಗುರುತು ಮಾತ್ರ, ಒಂದೊಂದು ಸುಳಿಯೂ ಬಿಡಿಬಿಡಿಯಾಗಿ, ಚೊಕ್ಕ ಬಂದಿದೆ.