ಅಕ್ಕ ದಾಟಿದ ಚಂದ್ರಿಕೆ

ಬೈರಕೂರಿನ ಸುತ್ತಮುತ್ತ ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದ ಕಾಲ ಅದು, ಎಪ್ಪತ್ತರ ದಶಕದ ಕೊನೆ. ಹಿಪ್ಪುನೇರಳೆ ಸೊಪ್ಪಿನ ಹಸಿವಾಸನೆ ನಮ್ಮ ಅಂಗಿಗೆ, ಪುಸ್ತಕಕ್ಕೆ, ಉಣ್ಣುವ ಮುದ್ದೆಗೂ ಹತ್ತಿರುತ್ತಿತ್ತು. ಹುಳದ ಮನೆಯಲ್ಲಿ ಬೆಳೆದವರಿಗೆ ಇದೆಲ್ಲ ಗೊತ್ತು. ಹೋದ ತಿಂಗಳವರೆಗೂ ಯಾರಿಗೂ ಗೊತ್ತಿಲ್ಲದಿದ್ದದ್ದು ನಾನು ಮಾಡಿದ ತಪ್ಪು. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ನಾನಾಗ ಏಳನೇ ಕ್ಲಾಸು, ಅಕ್ಕ ರತ್ನ ಒಂಬತ್ತನೇ ಕ್ಲಾಸು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಅವಳಿಗೆ ಹರ್ಡಲ್ಸ್ ಕಲಿಸುತ್ತಿದ್ದರು. ಮನೆಯಲ್ಲಿ ಅಭ್ಯಾಸಕ್ಕೆ ಅವಳಿಗೆ ಸಿಕ್ಕಿದ್ದು ಹಳೆಯ ಚಂದ್ರಿಕೆಗಳು. ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ದೊಡ್ಡ ತಟ್ಟಿಗಳು ಅವು. ಹಿತ್ತಲಲ್ಲಿ ಕಲ್ಲಿಗೆ ಓರೆಯಾಗಿ ಒರಗಿಸಿದರೆ ಸೊಂಟದೆತ್ತರ. ಲಂಗ ಎತ್ತಿ ಕಟ್ಟಿ, ಮೂರು ಹೆಜ್ಜೆ ಓಡಿ, ಎಗರುತ್ತಿದ್ದಳು. ಕಾಲು ತಗಲಿದ್ದನ್ನು ನಾನು ಕಾಣೆ. ಅವಳ ಗೆಳತಿ ಶಾಂತ ಯಾವಾಗಲೂ ಎರಡನೆಯವಳು. ಕೋಲಾರದ ಪಂದ್ಯಕ್ಕೆ ಶಾಲೆಗೆ ಒಬ್ಬಳೇ ಹುಡುಗಿ. ಗೆದ್ದವಳಿಗೆ ಬೆಂಗಳೂರಿನ ಕ್ರೀಡಾ ಹಾಸ್ಟೆಲು.

"ನಾನು ಹಾಸ್ಟೆಲಿಗೆ ಹೋದ್ರೆ ಅಳ್ತೀಯೇನ್ಲಾ?" ಅಕ್ಕ ರೇಗಿಸುತ್ತಿದ್ದಳು.

"ಯಾಕೆ ಅಳ್ಲಿ? ನಿನ್ ಪಾಲಿನ ಮೊಟ್ಟೇನೂ ನಂಗೇ!"

ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಮಳೆ ಬಂತು. ನಾಯ್ನ, ಅಂದರೆ ನಮ್ಮಪ್ಪ, "ಸೊಪ್ಪಿನ ನೀರು ಆರೋವರ್ಗೂ ಹುಳಕ್ಕೆ ಹಾಕ್ಬೇಡ ಕಣೋ" ಎಂದು ನನಗೆ ಒಪ್ಪಿಸಿ ಮುಳಬಾಗಿಲಿಗೆ ಹೋದರು. ಪಕ್ಕದ ಮನೆಯ ಜಗಲಿಯಲ್ಲಿ ಬುಗುರಿ ಆಟ ಶುರುವಾಗಿತ್ತು. ತೊಟ್ಟಿಕ್ಕುವ ಸೊಪ್ಪನ್ನೇ ಹುಳುವಿನ ತಟ್ಟೆಗಳಿಗೆ ಹರಡಿ ಓಡಿದೆ.

ಮೂರನೇ ದಿನ ಹುಳುಗಳು ಮೇವು ಬಿಟ್ಟವು. ಮೈ ಕಪ್ಪಾಗಿ, ಮುಟ್ಟಿದರೆ ಒಡೆದು, ಮನೆಯೆಲ್ಲ ಕೊಳೆತ ನಾತ.

"ಎವುರೋ ಏಮೋ ಚೇಸಿನಾರು," ಅಜ್ಜಿ ತೆಲುಗಿನಲ್ಲಿ ಗೊಣಗಿದಳು. ಯಾರೋ ಏನೋ ಮಾಡಿದ್ದಾರೆ ಅಂತ.

ನಾಯ್ನ ನನ್ನ ಕಡೆ ತಿರುಗಿದರು. ಕೈಯಲ್ಲಿ ಹಿಪ್ಪುನೇರಳೆ ಕಡ್ಡಿ. "ಸೊಪ್ಪು ಆರಿತ್ತೇನ್ಲಾ?"

"ಆರಿತ್ತು ನಾಯ್ನ. ಅಕ್ಕ... ಅಕ್ಕ ಚಂದ್ರಿಕೆ ಮೇಲೆ ಎಗರ್ತಿದ್ಲು. ದಿನಾ."

ಚಂದ್ರಿಕೆಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿಯುವ ಮನೆ ನಮ್ಮದು. ವಯಸ್ಸಿಗೆ ಬಂದ ಹುಡುಗಿ ಅದನ್ನು ದಾಟುವುದೆಂದರೆ!

"ಅವು ಹರಿದ್ಹೋಗಿದ್ದವು ನಾಯ್ನ, ಬಿಸಾಕಿದ್ದವು..." ಎಂದಳು ಅಕ್ಕ.

ನಾಯ್ನ ಹೊಡೆಯಲಿಲ್ಲ. "ಇನ್ಮೇಲೆ ಆ ಕಾಲು ಹೊಸ್ಲು ದಾಟ್ಬಾರ್ದು," ಎಂದರು, ಅಷ್ಟೆ.

ಮರುದಿನ ಏಳರ ಬಸ್ಸಿಗೆ ಹೊರಡಬೇಕಿತ್ತು. ಡ್ರಿಲ್ ಮೇಷ್ಟ್ರು ಅಂಗಳದಲ್ಲೇ ನಿಂತು ಬೇಡಿಕೊಂಡರು. "ಯಜಮಾನ್ರೇ, ಒಂದೇ ದಿನ. ಸಂಜೆ ನಾನೇ ತಂದು ಬಿಡ್ತೀನಿ."

"ಸತ್ತ ಹುಳಾನೂ ತಂದ್ಕೊಡ್ತೀರಾ ಮೇಷ್ಟ್ರೇ?"

ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಅಕ್ಕ ಬಾಗಿಲ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಆ ಕಡ್ಡಿ ಇನ್ನೂ ಮೂಲೆಯಲ್ಲೇ ಒರಗಿತ್ತು. ಎರಡನೇ ಹಾರನ್. ಅಂಬಲಿಯ ಲೋಟ ಬಾಯಿಗಿಟ್ಟುಕೊಂಡು ಮುಖ ಮುಚ್ಚಿಕೊಂಡೆ. ಮೇಷ್ಟ್ರು ಕೈಗಡಿಯಾರ ನೋಡಿ, ಶಾಂತಳ ಮನೆಯ ಕಡೆ ಓಡಿದರು.

ಶಾಂತ ಗೆದ್ದಳು. ಹಾಸ್ಟೆಲು, ರಾಜ್ಯ, ಆಮೇಲೆ ದೇಶ. ಎಂಬತ್ತರ ದಶಕದಲ್ಲಿ ಪರದೇಶದ ಮೈದಾನದಲ್ಲಿ ಅವಳು ಹರ್ಡಲ್ ದಾಟುವ ಚಿತ್ರ ಪತ್ರಿಕೆಯಲ್ಲಿ ಬರುತ್ತಿತ್ತು. ಮದುವೆಯಾಗಿ ಶ್ರೀನಿವಾಸಪುರ ಸೇರಿದ್ದ ಅಕ್ಕ ಅದನ್ನು ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸುತ್ತಿದ್ದಳು. "ಹಿಂದಿನ ಕಾಲು ಈಗ್ಲೂ ತಡವಾಗಿ ಎಳೀತಾಳೆ, ನೋಡು," ಎಂದು ನಗುತ್ತಿದ್ದಳು. ಅದೇ ಅಕ್ಕ ಅಂಗಳದಲ್ಲಿ ಹರವಿದ ಹುಣಸೆಹಣ್ಣನ್ನೂ ದಾಟುತ್ತಿರಲಿಲ್ಲ, ಸುತ್ತಿ ಬರುತ್ತಿದ್ದಳು. ಮಗುವಿಗೆ ಜ್ವರ ಬಂದರೂ, ಹಸು ದಿನ ತುಂಬದೆ ಕಂದು ಹಾಕಿದರೂ ತನ್ನಿಂದಲೇ ಎನ್ನುತ್ತಿದ್ದಳು. ನಾನು ಕಾಫಿ ಕುಡಿದು ಎದ್ದು ಬರುತ್ತಿದ್ದೆ.

ನಾಯ್ನ ಇಲ್ಲ, ಮೇಷ್ಟ್ರು ಇಲ್ಲ, ಹುಳದ ಮನೆಯೂ ಬಿದ್ದುಹೋಯಿತು. ಹೋದ ತಿಂಗಳು ಅಕ್ಕನ ಎದುರು ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಒಂದು ಪಂದ್ಯವನ್ನು, ಹೆಚ್ಚೆಂದರೆ ಶಾಂತಳಿಗೆ ಸಿಕ್ಕಂಥ ಬದುಕನ್ನು ಅವಳಿಂದ ಕಿತ್ತುಕೊಂಡೆ ಎಂದೇ ಅಷ್ಟು ವರ್ಷ ನಾನು ತಿಳಿದಿದ್ದೆ. ಬೈಯಲಿ ಎಂದು ತಲೆ ತಗ್ಗಿಸಿ ಕಾದೆ.

ಅಕ್ಕ ಸೀರೆಯ ಅಂಚನ್ನು ಸರಿಸಿ, ಊದಿಕೊಂಡ ತನ್ನ ಪಾದಗಳನ್ನು ನೋಡಿದಳು.

"ಹಂಗಾದ್ರೆ ನನ್ ಕಾಲಲ್ಲಿ ದೋಷ ಏನೂ ಇರ್ಲಿಲ್ವೇನೋ?"