ನಾನೂರ ಹನ್ನೆರಡನೇ ದಿನದ ಒಂದು ಗುಟುಕು

ಹೋದ ತಿಂಗಳ ಒಂದು ಭಾನುವಾರ, ಕುಡಿತ ಬಿಟ್ಟ ನಾನೂರ ಹನ್ನೆರಡನೇ ದಿನ, ಬೆಳಿಗ್ಗೆ ಹತ್ತೂ ಐವತ್ತಕ್ಕೆ ನಾನು ಕುಡಿದೆ. ಬಾರಿನಲ್ಲಲ್ಲ. ಚರ್ಚಿನಲ್ಲಿ.

ಚರ್ಚು ಅಂದ ಕೂಡಲೇ ಗೋಪುರ, ಗಂಟೆ ಊಹಿಸಬೇಡಿ. ಕೋಣನಕುಂಟೆಯ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಹಾಲ್. ನಲವತ್ತು ಪ್ಲಾಸ್ಟಿಕ್ ಕುರ್ಚಿ (ಎರಡಕ್ಕೆ ಕೈ ಇಲ್ಲ). ತಿಂಗಳಿಗೊಮ್ಮೆ ಅಲ್ಲಿ ಕರ್ತನ ಭೋಜನ. ಯೇಸುವಿನ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಹಿಂದಿನ ವಾರವಷ್ಟೇ ನನ್ನನ್ನು ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಮಾಡಿಸಿದ್ದರಿಂದ ಅದು ನನ್ನ ಮೊದಲ ಸರದಿ. ಮುಂಚೆಯೇ ವಿಚಾರಿಸಿದ್ದೆ.

"ಪಾಸ್ಟರ್, ಅದ್ರಲ್ಲಿ ಆಲ್ಕೋಹಾಲ್ ಇರುತ್ತಾ?"

"ಏ, ಇಲ್ಲಪ್ಪ. ಬರೀ ಜ್ಯೂಸು. ಸ್ಟೆಲ್ಲಾ ಆಂಟಿ ಮನೇಲೇ ಹಿಂಡ್ಕೊಂಡು ಬರ್ತಾರೆ. ನಿನ್ನ ಥರದೋರು ನಮ್ಮಲ್ಲಿ ಇನ್ನೂ ಆರು ಜನ ಇದ್ದಾರೆ."

ಸ್ಟೆಲ್ಲಾ ಆಂಟಿ ಹಿಂಡುವುದು ಶನಿವಾರ ಸಂಜೆ. ಆ ಶನಿವಾರ ಅವರಿಗೆ ಮದುವೆಯೊಂದಕ್ಕೆ ಹೋಗಬೇಕಿತ್ತು. ಗುರುವಾರವೇ ಹಿಂಡಿ, ಸಕ್ಕರೆ ಹಾಕಿ, ಫ್ರಿಜ್ಜಿನಲ್ಲಿ ಜಾಗವಿಲ್ಲವೆಂದು ಒಲೆಯ ಪಕ್ಕ ಮುಚ್ಚಿಟ್ಟರು. ಮೂರು ದಿನ. ಅದೂ ಬೇಸಿಗೆ. ಉಳಿದದ್ದನ್ನು ಪ್ರಕೃತಿ ನೋಡಿಕೊಂಡಿತು.

ಬೇರೆಯವರು ಸ್ವಲ್ಪ ಹುಳಿ ಅಂದುಕೊಂಡರು. ನನ್ನ ನಾಲಿಗೆಗೆ ಒಂಬತ್ತು ವರ್ಷದ ಅನುಭವವಿದೆ. ತಲೆಯೆತ್ತಿ ಆ ಆರು ಜನರ ಕಡೆ ನೋಡಿದೆ. ಆರೂ ಜನ ನನ್ನನ್ನೇ ನೋಡುತ್ತಿದ್ದರು.

ನಾನು ಅಲ್ಲಿಗೆ ಹೇಗೆ ಸೇರಿದೆ? ಕುಡಿತ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಸರಿಹೋಗಲಿಲ್ಲ. ಖಿನ್ನತೆ ಅಲ್ಲೇ ಕಾಯುತ್ತಿತ್ತು. ಒಮ್ಮೆ ಹನ್ನೊಂದು ದಿನ ಸ್ನಾನ ಮಾಡಲಿಲ್ಲ (ಡೈರಿ ಮಾತ್ರ ಬರೆದೆ). ಜಯನಗರದ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುವಾಗ, ಗಂಡನ ಕುಡಿತ ಬಿಡಿಸಲು ಬಂದಿದ್ದ ಸ್ಟೆಲ್ಲಾ ಆಂಟಿ ಪಕ್ಕದಲ್ಲಿ ಕೂತಿದ್ದರು. "ನಿನ್ನ ಹೆಸ್ರೇನಪ್ಪ? ಪ್ರಾರ್ಥನೆಗೆ ಬರ್ಕೊಳ್ತೀನಿ" ಅಂದರು. ತಪ್ಪಿಸಿಕೊಳ್ಳಲು ಹೆಸರು ಹೇಳಿದೆ.

ಐದು ತಿಂಗಳ ನಂತರ ಅದೇ ಕ್ಲಿನಿಕ್ಕಿನಲ್ಲಿ ಮತ್ತೆ ಸಿಕ್ಕು, ನೋಟ್‌ಬುಕ್ ತೆಗೆದು ತೋರಿಸಿದರು. ನನ್ನ ಹೆಸರಿನ ಮುಂದೆ ದಿನಕ್ಕೊಂದು ಟಿಕ್. ಒಂದು ದಿನವೂ ತಪ್ಪಿಲ್ಲ. ನನಗಿಂತ ನೀಟಾಗಿ ಲೆಕ್ಕ ಇಟ್ಟವರನ್ನು ನಾನು ನೋಡಿದ್ದು ಅದೇ ಮೊದಲು. ಪುಟಗಳ ಫೋಟೋ ತೆಗೆದುಕೊಂಡು ಬಂದು ನನ್ನ ಡೈರಿಯ ಜೊತೆ ಹೋಲಿಸಿದೆ. 'ಇನ್ನು ಬದುಕಿರಬಾರದು' ಎಂದು ನಾನು ಬರೆದ ಒಂಬತ್ತು ದಿನಗಳಲ್ಲೂ ಅಲ್ಲಿ ಟಿಕ್ ಇತ್ತು.

ಇದು ಪುರಾವೆಯಲ್ಲ, ಗೊತ್ತು. ಆದರೂ ಅಂದು ಮೊದಲ ಬಾರಿ ಪ್ರಾರ್ಥನೆ ಮಾಡಿದೆ. ಯಾರೋ ಕೇಳಿಸಿಕೊಂಡ ಹಾಗನ್ನಿಸಿತು. ಈಗಲೂ ಅನ್ನಿಸುತ್ತದೆ. ಆ ವಾರದಿಂದಲೇ ಆಂಟಿಯ ಚರ್ಚಿಗೆ ಹೋಗತೊಡಗಿದೆ. (ಮಾತ್ರೆ ನಿಲ್ಲಿಸಿಲ್ಲ. ನಿಲ್ಲಿಸಬಾರದು ಎಂದು ಡಾಕ್ಟರೂ ಹೇಳಿದ್ದಾರೆ, ಪಾಸ್ಟರೂ ಹೇಳಿದ್ದಾರೆ.)

ಸರಿ, ಆ ಭಾನುವಾರಕ್ಕೆ ಬರೋಣ. ಒಂದು ಗುಟುಕು ಹೊಟ್ಟೆಗಿಳಿದ ಮೇಲೆ ಮೈ ಎರಡನೆಯದನ್ನು ಕೇಳತೊಡಗಿತು. ಕೋಣನಕುಂಟೆಯಿಂದ ಹನುಮಂತನಗರಕ್ಕೆ ಬರುವ ದಾರಿಯಲ್ಲಿ, ಬಸ್ಸಿನ ಎಡ ಕಿಟಕಿಯಿಂದ ಹನ್ನೊಂದು ಬಾರು ಕಾಣುತ್ತವೆ. ಒಂದೊಂದನ್ನೂ ಎಣಿಸಿಕೊಂಡು, ಇಳಿಯದೆ, ಮನೆ ಮುಟ್ಟಿದೆ.

ಬಾಗಿಲಲ್ಲಿ ಅಮ್ಮ. ನಮ್ಮದು ಲಿಂಗಾಯತರ ಮನೆ, ಅಮ್ಮ ಲಿಂಗಪೂಜೆ ಮುಗಿಸದೆ ನೀರೂ ಮುಟ್ಟುವುದಿಲ್ಲ. ನಾನು ಹೊರಗಿನಿಂದ ಬಂದಾಗಲೆಲ್ಲ ಬಾಯಿ ಮೂಸುವುದು ಅವಳ ಇನ್ನೊಂದು ನೇಮ. ನನಗೆ ಇಪ್ಪತ್ತೊಂಬತ್ತು ವರ್ಷ.

"ಹಾ ಅನ್ನು."

ಅಂದೆ. ಅಮ್ಮ ಬೈಯಲಿಲ್ಲ. ಗೋಡೆ ಹಿಡಿದು ಕೂತಳು.

"ಎಲ್ಲಿ ಕುಡ್ದೆ?"

"ಚರ್ಚಲ್ಲಿ."

"ಸುಳ್ಳು ಹೇಳೋದಾದ್ರೂ ನೆಟ್ಟಗೆ ಹೇಳೋ."

ಅವಳ ತಪ್ಪೇನಿದೆ? ಭಾನುವಾರ ಸ್ವಿಮ್ಮಿಂಗ್ ಕ್ಲಾಸಿಗೆ ಹೋಗುತ್ತೇನೆ ಎಂದು ಏಳು ತಿಂಗಳಿಂದ ನಂಬಿಸಿದ್ದೆ. (ದೀಕ್ಷಾಸ್ನಾನದ ದಿನ ಒದ್ದೆ ಬಟ್ಟೆ ತಂದಾಗ ಅದು ಬಹಳ ಅನುಕೂಲವಾಯಿತು.) ಕುಡಿದಿಲ್ಲ ಎಂದು ನಂಬಿಸಬೇಕಾದರೆ ಚರ್ಚಿನ ವಿಷಯ ಹೇಳಲೇಬೇಕು. ಚರ್ಚಿನ ವಿಷಯ ಮುಚ್ಚಿಡಬೇಕಾದರೆ ಕುಡಿದೆ ಎಂದು ಒಪ್ಪಿಕೊಳ್ಳಬೇಕು. ಎಲ್ಲ ಹೇಳಿದೆ. ನಲವತ್ತು ನಿಮಿಷ ಹಿಡಿಯಿತು.

"ಅಂದ್ರೆ ನಿಂಗೆ ಈಜು ಬರಲ್ಲ?"

"ಇಲ್ಲಮ್ಮ."

"ಹಬ್ಬದಲ್ಲಿ ನಮ್ಮ ಜೊತೆ ಕೂತು ಊಟ ಮಾಡ್ತೀಯೋ, ಅದೂ ಇಲ್ವೋ?"

"ಮಾಡ್ತೀನಮ್ಮ."

ಅಮ್ಮ ಅಡುಗೆಮನೆಗೆ ಹೋದಳು. ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಿತ್ತು. ತೊಳೆಯಲು ಪಾತ್ರೆ ಇರಲಿಲ್ಲ.

ಡೈರಿಯಲ್ಲಿ ಬರೆದೆ: ದಿನ 412. ಷರಾ: ಒಂದು ಗುಟುಕು, ತಿಳಿಯದೆ. ಅಮ್ಮ ನಂಬಿದಳೇ? ಉತ್ತರದ ಜಾಗ ಖಾಲಿ ಬಿಟ್ಟೆ.

ಇಪ್ಪತ್ತಾರು ದಿನ ಅವಳು ಆ ಮಾತೇ ಎತ್ತಲಿಲ್ಲ. ಇಪ್ಪತ್ತೇಳನೇ ದಿನ, ಮೊನ್ನೆ ಶನಿವಾರ ಮಧ್ಯಾಹ್ನ, ಸೀರೆ ಬದಲಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ನಿಂತಳು. "ಆ ಜ್ಯೂಸ್ ಮಾಡೋ ಹೆಂಗಸಿನ ಮನೆ ಎಲ್ಲಿ? ನಡಿ."

ಸ್ಟೆಲ್ಲಾ ಆಂಟಿ ಬಾಗಿಲು ತೆರೆದು, ವಿಭೂತಿ ನೋಡಿ, ಜಗಳಕ್ಕೇ ಬಂದವರೆಂದು ತಿಳಿದರು. ತಿಳಿದದ್ದು ಅರ್ಧ ಸರಿ.

"ಕುಡಿತ ಬಿಟ್ಟಿರೋ ಹುಡುಗ್ರಿಗೆ ಮೂರು ದಿನದ್ದು ಕೊಡ್ತೀರೇನ್ರೀ? ದ್ರಾಕ್ಷಿ ಎಲ್ಲಿ? ಪಾತ್ರೆ ಕೊಡಿ. ಕುದಿಸಿ ಸೋಸ್ಬೇಕು. ಆರಿದ ತಕ್ಷಣ ಫ್ರಿಜ್ಜಿಗೆ. ಜಾಗ ಇಲ್ಲಾಂದ್ರೆ ಬೇರೆ ಏನಾದ್ರೂ ಆಚೆ ಇಡಿ."

"ಸಾರಿ ಅಮ್ಮ. ತಪ್ಪಾಯ್ತು." ಆಂಟಿ ಪಾತ್ರೆ ತಂದಿಟ್ಟರು.

ಸೋಸಿದ ರಸವನ್ನು ಅಮ್ಮ ಮೊದಲು ಮೂಸಿದಳು. ಆಮೇಲೆ ಚಮಚದಲ್ಲಿ ನನಗೆ ಕೊಟ್ಟಳು. ಆಂಟಿಗೆ ಸ್ವಲ್ಪ ಧೈರ್ಯ ಬಂತು. "ನಿಮ್ಮ ಮಗನಿಗೋಸ್ಕರ ನಾವು ತುಂಬಾ ಪ್ರಾರ್ಥನೆ ಮಾಡಿದ್ದೀವಿ ಅಮ್ಮ" ಅಂದರು.

ಅಮ್ಮ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. "ನಾನೇನು ಸುಮ್ನೆ ಕೂತಿದ್ನಾ? ದಿನಾ ಎರಡು ಲಿಂಗಕ್ಕೆ ಪೂಜೆ ಮಾಡ್ತಿದ್ದೀನಿ. ನಂದೂ, ಇವನು ಬಿಚ್ಚಿಟ್ಟಿದ್ದೂ."

ಕುಡಿಯಲು ಶುರುಮಾಡಿದ ವರ್ಷ ನನ್ನ ಕೊರಳಿನ ಲಿಂಗ ಬಿಚ್ಚಿ ದೇವರಮನೆಯಲ್ಲಿಟ್ಟಿದ್ದೆ. ಅದಕ್ಕೂ ದಿನಾ ಪೂಜೆ ನಡೆಯುತ್ತಿರುವುದು ನನ್ನ ಯಾವ ಡೈರಿಯಲ್ಲೂ ಇಲ್ಲ.

ಮುಂದಿನ ಭಾನುವಾರ ನಾನು ಎಲ್ಲರೆದುರು ನಿಂತು, ದೇವರು ನನ್ನನ್ನು ಹೇಗೆ ಮೇಲೆತ್ತಿದ ಎಂದು ಸಾಕ್ಷಿ ಹೇಳಬೇಕು. ಪಾಸ್ಟರ್ ಐದು ನಿಮಿಷ ಕೊಟ್ಟಿದ್ದಾರೆ. ನೀವೇ ಹೇಳಿ, ಅದರಲ್ಲಿ ಅಮ್ಮನಿಗೆ ಎಷ್ಟು ನಿಮಿಷ ಕೊಡಲಿ?