ಹಾಳೂರಿಗೆ ಬಂದ ಬಿಲ್ಲೆ

ಹಳೇಬೀಡಿನ ಹೊರಗೆ, ಫೋನಿನ ನಕ್ಷೆ ಹಿಡಿದು ಬಚ್ಚಿಟ್ಟದ್ದನ್ನು ಹುಡುಕುವ ಜಿಯೋಕ್ಯಾಚಿಂಗ್ ಆಟದವರು ಬಂಡೆಯ ಸಂದಿಯಲ್ಲಿ ಬಚ್ಚಿಟ್ಟ ಡಬ್ಬಿಯಲ್ಲಿ ನನಗೊಂದು ತಗಡಿನ ಬಿಲ್ಲೆ ಸಿಕ್ಕಿತು. ಅಮೆರಿಕದಲ್ಲಿ ಜನ ಬಿಟ್ಟುಹೋದ ಗಣಿಯೂರೊಂದರ ನೆನಪಿಗೆ ಮಾಡಿದ್ದು; ಸಿಕ್ಕವರು ಫೋಟೊ ತೆಗೆದು ಮುಂದಿನ ಊರಿಗೆ ದಾಟಿಸಬೇಕು. ಹಗರೆಯಲ್ಲಿ ಟೀ ಅಂಗಡಿಯ ಗಂಗಮ್ಮನವರಿಗೆ ತೋರಿಸಿದೆ.

“ಹಾಳೂರಿಗೂ ಇಷ್ಟ್ ಮರ್ಯಾದೆ ಐತಾ? ನಾನ್ ಹುಟ್ಟಿದ್ದೂ ಈಗ ಜನ ಇಲ್ದಿರೋ ಬೇಚರಾಕ್ ಊರೇ ಕಣ್ರೀ, ಬನ್ನಿ!” ಎಂದವರೇ ಒಲೆ ಆರಿಸಿ ಹೊರಟರು.

ರಾಗಿ ಹೊಲದಾಚೆ ಒಂದು ಬಾವಿ, ಒಂದು ಹುಣಸೆಮರ, ಅಷ್ಟೇ. ಅವರು ಮಾತ್ರ ಇಲ್ಲದ ಬೀದಿಗಳಲ್ಲೆಲ್ಲ ಸುತ್ತಿಸಿ, “ಇದು ನಮ್ಮನೆ, ಅದು ದೊಡ್ಡಪ್ಪಂದು” ಎಂದು ತೋರಿಸಿದರು. ಸೆರಗು ಸರಿಮಾಡಿಕೊಂಡು ಬಿಲ್ಲೆ ಹಿಡಿದು ನಿಂತರು, ಫೋಟೊ ತೆಗೆದೆ. ಊರ ಹೆಸರು ಕೇಳಿ, ಕೆಳಗೆ ‘ನಿಂಗಪುರ’ ಎಂದು ಬರೆದು ಫೋನು ತೋರಿಸಿದೆ.

“ದೀರ್ಘ ಕೊಡ್ರೀ, ನಿಂಗಾಪುರ!” ಗಂಗಮ್ಮ ನಕ್ಕರು. “ನಮ್ಮೂರ್ನ ಗಿಡ್ಡ ಮಾಡ್ಬ್ಯಾಡಿ.”